ಸಹಾಧ್ಯಯನವೂ ಹರೆಯದ ಮನಸ್ಸೂ

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆ ಮಾಡಿದಾಗ, ಕನ್ನಡ ಪಂಡಿತನಾದವನು ಛಂದಸ್ಸನ್ನೋ ಶಾಸನವನ್ನೋ ಕುರಿತು ಬರೆದಾನೆಂದು ಅವರು ಎಣಿಸಿದ್ದಿರಬೇಕು. ಛಂದಸ್ಸನ್ನು ನಾನು ಪೂರ್ತಿಯಾಗಿ ಬಿಟ್ಟಿಲ್ಲ. ಅದು ಮುಂದೆ ಬರುತ್ತದೆ. ಆದರೆ ಬಹುಕಾಲದಿಂದ ನನ್ನ ಮನಸ್ಸನ್ನು ಕೊರೆಯುತ್ತಿರುವ ವಿಷಯ ಬೇರೊಂದು. ಎಂಟು, ಒಂಬತ್ತು, ಹತ್ತನೆಯ ತರಗತಿಗಳ ನಮ್ಮ ಮಕ್ಕಳ ಮೌನವೇ ಆ ವಿಷಯ.

ಹಲವು ವರ್ಷಗಳ ಹಿಂದೆ ಬೇರೊಂದು ಊರಿನ ಶಾಲೆಯಲ್ಲಿ ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ, ಗುಳೆ ಹೋಗಿದ್ದ ತಂದೆತಾಯಿಗಳೊಡನೆ ಎರಡು ತಿಂಗಳು ಬೆಂಗಳೂರಿನಲ್ಲಿದ್ದು ಮರಳಿ ಬಂದ ಹುಡುಗನೊಬ್ಬನಿದ್ದ. ಕಡೆಯ ಬೆಂಚಿನಲ್ಲಿ ಗೋಡೆಗೆ ಒರಗಿ ಕುಳಿತಿರುತ್ತಿದ್ದ. ಒಂದು ದಿನ ಪದ್ಯವನ್ನು ಓದೆಂದೆ. ಎದ್ದು ನಿಂತನೇ ಹೊರತು ಬಾಯಿ ಬಿಡಲಿಲ್ಲ. ಎರಡನೆಯ ಸಲ, ಮೂರನೆಯ ಸಲ ಕೇಳಿದೆ. ಆಮೇಲೆ ಸಹನೆ ತಪ್ಪಿ, ಕಲ್ಲಿಗಾದರೂ ಮಾತು ಬಂದೀತು ಎಂದು ಆಡಿಬಿಟ್ಟೆ. ತರಗತಿ ನಕ್ಕಿತು. ಮರುವಾರದಿಂದ ಹುಡುಗ ಶಾಲೆಗೆ ಬರಲಿಲ್ಲ. ಅವನ ತಾಯಿ ಬೆಂಗಳೂರಿನಲ್ಲಿಯೇ ಜ್ವರದಿಂದ ತೀರಿಕೊಂಡಿದ್ದಳೆಂಬುದು ನನಗೆ ತಿಳಿದದ್ದು ಬೇಸಗೆಯ ರಜೆಯಲ್ಲಿ, ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ, ಮೂರನೆಯವರೊಬ್ಬರ ಬಾಯಿಂದ. ನನ್ನ ತಪ್ಪು ನನ್ನದು. ಅದನ್ನು ಇಲ್ಲಿ ತೊಳೆದುಕೊಳ್ಳಲು ಹೊರಟಿಲ್ಲ. ನನ್ನನ್ನು ಇಂದಿಗೂ ಕಾಡುವುದು ಇನ್ನೊಂದು ಸಂಗತಿ. ಪಕ್ಕದಲ್ಲಿ ಕುಳಿತಿದ್ದ ಹುಡುಗನಿಗೂ ಆ ವಿಷಯ ಗೊತ್ತಿರಲಿಲ್ಲ. ಐವತ್ತೆರಡು ಮಕ್ಕಳು ಒಂದೇ ಕೋಣೆಯಲ್ಲಿ ದಿನಕ್ಕೆ ಆರು ತಾಸು ಕುಳಿತಿದ್ದರು. ಒಬ್ಬನ ತಾಯಿ ಸತ್ತ ಸುದ್ದಿ ಇನ್ನೊಬ್ಬನಿಗೆ ಮುಟ್ಟಿರಲಿಲ್ಲ.

ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಸ್ಥಿತಿಗತಿ ಈ ಸಂಚಿಕೆಯ ಓದುಗರಿಗೆ ಹೊಸದಲ್ಲ. ಕಲಬುರಗಿಯಿಂದ ಬೇರ್ಪಟ್ಟು 2009ರ ಡಿಸೆಂಬರ್ 30ರಂದು ಜಿಲ್ಲೆಯಾದೆವು. 2011ರ ಜನಗಣತಿಯಲ್ಲಿ ಸಾಕ್ಷರತೆ ನೂರಕ್ಕೆ 51.83, ಹೆಣ್ಣುಮಕ್ಕಳಲ್ಲಿ 41.38, ರಾಜ್ಯದಲ್ಲಿಯೇ ಕಡೆಯ ಸ್ಥಾನ. 2024ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ಉಡುಪಿ 94 ಪಡೆದು ಮೊದಲಾದರೆ ಯಾದಗಿರಿ 50.59 ಪಡೆದು ಕೊನೆಯಾಯಿತು. ಪತ್ರಿಕೆಗಳಲ್ಲಿ ಈ ಅಂಕೆ ಬಂದ ಮರುದಿನದಿಂದ ಶಾಲೆಗಳ ಮೇಲೆ ಬಿದ್ದ ಒತ್ತಡ ಎಂಥದೆಂಬುದನ್ನು ಉಪಾಧ್ಯಾಯ ಬಂಧುಗಳು ಬಲ್ಲರು. ಬೆಳಗಿನ ವಿಶೇಷ ತರಗತಿ, ಸಂಜೆಯ ವಿಶೇಷ ತರಗತಿ, ರವಿವಾರದ ಕಿರುಪರೀಕ್ಷೆ. ಮೇಲಿನವರು ಕೆಳಗಿನವರನ್ನು ಒತ್ತಿದರು. ಎಲ್ಲರಿಗಿಂತ ಕೆಳಗಿರುವವನು ಹದಿನೈದು ವರ್ಷದ ಹುಡುಗ, ಅವನು ಯಾರನ್ನು ಒತ್ತಬೇಕು? ಇತ್ತ ನಾರಾಯಣಪುರದ ಕಾಲುವೆಯ ನೀರು ಕಾಣದ ಊರುಗಳಲ್ಲಿ ಗುಳೆ ನಿಂತಿಲ್ಲ. ಹತ್ತಿ ಬಿಡಿಸುವ ದಿನಗಳಲ್ಲಿ ಹಾಜರಿ ಪುಸ್ತಕದ ಪುಟವನ್ನು ನೋಡಿದರೆ ಯಾವ ಮನೆಯಲ್ಲಿ ಹೊಲದ ಕೆಲಸವಿದೆಯೆಂಬುದನ್ನು ಹೇಳಬಹುದು.

ನಿಮ್ಹಾನ್ಸ್ ಸಂಸ್ಥೆಯು 2015–16ರಲ್ಲಿ ನಡೆಯಿಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, 13ರಿಂದ 17 ವಯಸ್ಸಿನವರಲ್ಲಿ ನೂರಕ್ಕೆ 7.3ರಷ್ಟು ಮಂದಿಗೆ ಒಂದಿಲ್ಲೊಂದು ಮಾನಸಿಕ ತೊಂದರೆಯಿರುವುದು ಕಂಡುಬಂದಿತು. ನಲವತ್ತೆಂಟು ಮಕ್ಕಳ ತರಗತಿಗೆ ಈ ಲೆಕ್ಕವನ್ನು ಇಳಿಸಿದರೆ ಮೂವರೋ ನಾಲ್ವರೋ ಆಗುತ್ತಾರೆ. ಆ ಮೂವರು ಯಾರು? ನಮಗೆ ಗೊತ್ತಿಲ್ಲ. ಹಾಜರಿ ಕೂಗಿದಾಗ ಅವರೂ ಓ ಎನ್ನುತ್ತಾರೆ.

ನಮ್ಮ ಮಠಗಳ ಪ್ರಸಾದ ನಿಲಯಗಳಲ್ಲಿ ಉಂಡು ಓದಿದ ಹಳೆಯ ವಿದ್ಯಾರ್ಥಿಗಳು ಈ ಪುಟಗಳನ್ನು ಓದುತ್ತಿರುವರೆಂಬ ಧೈರ್ಯದಿಂದ ಒಂದು ಮಾತನ್ನು ಹೇಳುತ್ತೇನೆ. ಊಟದ ಪಂಕ್ತಿಯಲ್ಲಿ ನಾವು ಎದುರುಬದುರಾಗಿ ಕುಳಿತಿದ್ದೆವು. ಯಾರಿಗೆ ರೊಟ್ಟಿ ಸಾಲದು, ಯಾರು ಇಂದು ಊರ ನೆನಪಿನಿಂದ ತುತ್ತು ನುಂಗಲಾರದೆ ಇದ್ದಾನೆ ಎಂಬುದು ಎದುರಿಗಿದ್ದವನಿಗೆ ಕಾಣುತ್ತಿತ್ತು. ಪಾಠದ ಪಂಕ್ತಿ ಹಾಗಲ್ಲ. ಅಲ್ಲಿ ಒಬ್ಬನಿಗೆ ಕಾಣುವುದು ಇನ್ನೊಬ್ಬನ ಬೆನ್ನು ಮಾತ್ರ. ಎಲ್ಲರ ಮುಖವನ್ನೂ ಕಾಣಬಲ್ಲವನು ಉಪಾಧ್ಯಾಯನೊಬ್ಬನೇ. ಅವನೋ ಕರಿಹಲಗೆಯ ಕಡೆಗೆ ತಿರುಗಿರುತ್ತಾನೆ.

ಮಕ್ಕಳನ್ನು ಸಣ್ಣ ಸಣ್ಣ ಗುಂಪುಗಳಲ್ಲಿ ಎದುರುಬದುರಾಗಿ ಕುಳ್ಳಿರಿಸಿ ಕಲಿಸಬೇಕೆಂದರೆ, ಇದು ಪಾಶ್ಚಾತ್ಯರ ಹೊಸ ಗಾಳಿಯೆಂದು ಮೂಗುಮುರಿಯುವವರುಂಟು. ಹಾಗಲ್ಲ. ಮರಳಿನ ಮೇಲೆ ಅಕ್ಷರ ತಿದ್ದುತ್ತಿದ್ದ ನಮ್ಮ ಅಯ್ಯನವರ ಶಾಲೆಗಳಲ್ಲಿ ದೊಡ್ಡ ಹುಡುಗ ಸಣ್ಣವನಿಗೆ ಕಲಿಸುವುದು ವಾಡಿಕೆಯಾಗಿತ್ತು. ಸಾಲಿಮಠವೆಂಬ ಮನೆತನದ ಹೆಸರು ಇಂದಿಗೂ ಆ ಶಾಲೆಗಳನ್ನು ನೆನಪಿಗೆ ತರುತ್ತದೆ. ದಕ್ಷಿಣ ಭಾರತದ ಇಂಥದೇ ಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬರೆಯುವುದನ್ನು ಕಂಡ ಆಂಡ್ರ್ಯೂ ಬೆಲ್ ಎಂಬ ಪಾದ್ರಿ, ಮದರಾಸಿನ ಅನಾಥಾಲಯದಲ್ಲಿ ಅದನ್ನು ಪ್ರಯೋಗಿಸಿ, ಮಕ್ಕಳಿಂದ ಮಕ್ಕಳಿಗೆ ಪಾಠ ಹೇಳಿಸಿ, 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕವನ್ನೇ ಪ್ರಕಟಿಸಿದ. ಆ ಕ್ರಮಕ್ಕೆ ಇಂಗ್ಲೆಂಡಿನಲ್ಲಿ ಮದರಾಸಿನ ಪದ್ಧತಿಯೆಂದೇ ಹೆಸರಾಯಿತು. ನಮ್ಮ ಸರಕು ಹಡಗೇರಿ ಹೋಗಿ ಬಂದಮೇಲೆ ನಮಗೆ ಪರದೇಶದ್ದಾಗಿ ಕಾಣುತ್ತದೆ, ಅಷ್ಟೆ. ಇನ್ನು ಗಮಕ ವಾಚನವೆಂದರೇನು? ಒಬ್ಬನು ಓದಬೇಕು, ಇನ್ನೊಬ್ಬನು ಅರ್ಥ ಹೇಳಬೇಕು, ಊರು ಕುಳಿತು ನಡುನಡುವೆ ಪ್ರಶ್ನೆ ಕೇಳಬೇಕು. ಜೈಮಿನಿ ಭಾರತದ ಲಕ್ಷ್ಮೀಶನು ನಮ್ಮ ಸುರಪುರ ಸೀಮೆಯ ದೇವಾಪುರದವನೆಂಬ ವಾದವೂ ವಿದ್ವಾಂಸರಲ್ಲಿ ಉಂಟು. ದೇವನೂರಿನವರು ಒಪ್ಪುವುದಿಲ್ಲ, ಆ ಜಗಳವನ್ನು ಇಲ್ಲಿ ಎತ್ತುವುದಿಲ್ಲ.

ಈಗ ಛಂದಸ್ಸಿಗೆ ಬರುತ್ತೇನೆ. ಕುಮಾರವ್ಯಾಸನ ಭಾಮಿನೀ ಷಟ್ಪದಿಯನ್ನು ಕಲಿಸುವಾಗ ಕೆಲವು ವರ್ಷಗಳಿಂದ ನಾನೊಂದು ಕ್ರಮವನ್ನು ಅನುಸರಿಸುತ್ತಿದ್ದೇನೆ. ಷಟ್ಪದಿಗೆ ಆರು ಪಾದ. ಒಂದು, ಎರಡು, ನಾಲ್ಕು, ಐದನೆಯ ಪಾದಗಳಿಗೆ ಹದಿನಾಲ್ಕು ಮಾತ್ರೆ; ಮೂರು ಮತ್ತು ಆರನೆಯ ಪಾದಗಳಿಗೆ ಇಪ್ಪತ್ತಮೂರು; ಒಟ್ಟು ನೂರೆರಡು. ನಲವತ್ತೆಂಟು ಮಕ್ಕಳನ್ನು ಆರಾರು ಮಂದಿಯ ಎಂಟು ಗುಂಪು ಮಾಡಿ, ಒಬ್ಬೊಬ್ಬನ ಕೈಗೆ ಒಂದೊಂದೇ ಪಾದವನ್ನು ಬರೆದ ಚೀಟಿಯನ್ನು ಕೊಡುತ್ತೇನೆ. ಮೊದಲು ಒಂದೇ ಪಾದ ದೊರೆತವರೆಲ್ಲ ಒಟ್ಟುಗೂಡಿ ಪ್ರಸ್ತಾರ ಹಾಕಿ, ಗಣ ವಿಂಗಡಿಸಿ, ಸಂಧಿ ಬಿಡಿಸಿ, ಕಠಿಣ ಪದಗಳಿಗೆ ಅರ್ಥ ಹುಡುಕಬೇಕು. ಆಮೇಲೆ ಪ್ರತಿಯೊಬ್ಬನೂ ತನ್ನ ಗುಂಪಿಗೆ ಮರಳಿ ತನ್ನ ಪಾದವನ್ನು ಉಳಿದ ಐವರಿಗೆ ಕಲಿಸಬೇಕು.

ಇದರಲ್ಲಿ ಸ್ವಾರಸ್ಯವಿರುವುದು ಅನ್ವಯದಲ್ಲಿ. ಷಟ್ಪದಿಯಲ್ಲಿ ವಾಕ್ಯವು ಪಾದದ ಕೊನೆಗೆ ಮುಗಿಯಲೇಬೇಕೆಂಬ ನಿಯಮವಿಲ್ಲ. ಕರ್ತೃಪದವು ಎರಡನೆಯ ಪಾದದಲ್ಲಿದ್ದು ಕ್ರಿಯಾಪದವು ಐದರಲ್ಲಿ ಅವಿತಿರಬಹುದು. ಐದನೆಯವನು ಬಾಯಿ ಬಿಡದಿದ್ದರೆ ಎರಡನೆಯವನಿಗೆ ತನ್ನ ಪಾದದ ಅರ್ಥವೇ ಆಗುವುದಿಲ್ಲ. ಆದುದರಿಂದ ಜಾಣನು ಮೊದ್ದನ ಮುಂದೆ, ಗೌಡರ ಮಗನು ಕೂಲಿಯವನ ಮಗಳ ಮುಂದೆ, ನಿನ್ನದರಲ್ಲಿ ಏನಿದೆ ಹೇಳವ್ವಾ ಎಂದು ಕೇಳಲೇಬೇಕಾಗುತ್ತದೆ. ಕೇಳಿಸಿಕೊಂಡವರು ಉತ್ತರ ಕೊಡುತ್ತಾರೆ. ಉಪಾಧ್ಯಾಯನು ನಿಲ್ಲಿಸಿ ಕೇಳಿದಾಗ ಬಾರದ ಮಾತು ಗೆಳೆಯನು ಕೇಳಿದಾಗ ಬರುತ್ತದೆ. ಅಲ್ಲಿ ತಪ್ಪಿದರೆ ನಗುವವರು ಐದೇ ಮಂದಿ, ಅವರೂ ತಮ್ಮ ಪಾದಕ್ಕಾಗಿ ಇವನನ್ನು ನಂಬಿದವರು.

ಈ ಕ್ರಮವನ್ನು ನಾನೇ ಕಂಡುಹಿಡಿದೆನೆಂದು ಬೀಗಿದ್ದೆ. ಆಮೇಲೆ ಓದಿದರೆ, 1971ರಲ್ಲಿಯೇ ಅಮೆರಿಕದ ಟೆಕ್ಸಾಸಿನ ಆಸ್ಟಿನ್ ನಗರದಲ್ಲಿ ಎಲಿಯಟ್ ಅರಾನ್ಸನ್ ಎಂಬ ಮನಶ್ಶಾಸ್ತ್ರಜ್ಞನು, ಬಿಳಿಯ, ಕರಿಯ, ಮೆಕ್ಸಿಕನ್ ಮೂಲದ ಮಕ್ಕಳನ್ನು ಒಂದೇ ಶಾಲೆಯಲ್ಲಿ ಕೂಡಿಸಿದಾಗ ಎದ್ದ ಹೊಡೆದಾಟವನ್ನು ಶಮನಗೊಳಿಸಲು ಇದನ್ನೇ ಮಾಡಿದ್ದನಂತೆ. ಅವನ ಕೈಯಲ್ಲಿ ಕುಮಾರವ್ಯಾಸನಿರಲಿಲ್ಲವೆಂಬುದಷ್ಟೇ ನನಗೆ ಉಳಿದ ಸಮಾಧಾನ. ಈಚೆಗೆ ಆ ದೇಶದ ವಾಯವ್ಯ ಭಾಗದ 15 ಗ್ರಾಮೀಣ ಶಾಲೆಗಳಲ್ಲಿ ನಡೆದ ಅಧ್ಯಯನವೊಂದರಲ್ಲಿ, ಈ ಬಗೆಯ ಸಹಾಧ್ಯಯನವನ್ನು ರೂಢಿಸಿದ ಶಾಲೆಗಳ ಹದಿಹರೆಯದ ಮಕ್ಕಳಲ್ಲಿ ಮನಸ್ಸಿನ ಒತ್ತಡವೂ ಒಬ್ಬರನ್ನೊಬ್ಬರು ಪೀಡಿಸುವುದೂ ಕಡಿಮೆಯಾದುದು ಕಂಡುಬಂದಿತು.

ಆಕ್ಷೇಪಗಳನ್ನು ಮುಚ್ಚಿಡಲಾರೆ. ಪಾಠ ಮುಗಿಯುವುದಿಲ್ಲವೆಂಬುದು ಸಹೋದ್ಯೋಗಿಗಳ ಮೊದಲ ದೂರು, ಅದು ಸುಳ್ಳಲ್ಲ. ಒಂದು ತಾಸಿನಲ್ಲಿ ನಾನು ನಾಲ್ಕು ಪದ್ಯ ಮುಗಿಸುತ್ತಿದ್ದೆ, ಈಗ ಎರಡಕ್ಕೆ ಗಂಟೆ ಬಾರಿಸುತ್ತದೆ. ಗದ್ದಲವಾಗುತ್ತದೆ, ಪಕ್ಕದ ತರಗತಿಯ ಗಣಿತದ ಮೇಷ್ಟರು ಎರಡು ಸಲ ಬಾಗಿಲಿಗೆ ಬಂದು ನಿಂತದ್ದುಂಟು. ಇದಕ್ಕಿಂತ ದೊಡ್ಡ ದೋಷವೊಂದಿದೆ. ಗುಂಪನ್ನು ಮಕ್ಕಳ ಇಷ್ಟಕ್ಕೆ ಬಿಟ್ಟರೆ ಅವರು ಓಣಿಯಂತೆ, ಜಾತಿಯಂತೆ ಕೂಡುತ್ತಾರೆ. ಯಾರಿಗೂ ಬೇಡವಾದವನು ಗುಂಪಿಲ್ಲದೆ ಉಳಿಯುತ್ತಾನೆ. ಒಂಟಿಯನ್ನು ಗುಂಪಿಗೆ ಸೇರಿಸಲು ಹೊರಟು ಅವನ ಒಂಟಿತನವನ್ನು ಎಲ್ಲರೆದುರು ಡಂಗುರ ಸಾರಿದಂತಾಗುತ್ತದೆ. ಮೊದಲ ವರ್ಷ ನಾನು ಇದೇ ತಪ್ಪನ್ನು ಮಾಡಿದೆ. ಗುಂಪನ್ನು ಉಪಾಧ್ಯಾಯನೇ ಮಾಡತಕ್ಕದ್ದು. ಮಾಡಿದ ಮೇಲೆ ಎರಡು ತಿಂಗಳಾದರೂ ಕದಲಿಸಕೂಡದು. ಗೆಳೆತನಕ್ಕೆ ಅಷ್ಟು ಕಾಲ ಬೇಕು.

ಇದು ಔಷಧವೆಂದೂ ನಾನು ಹೇಳುತ್ತಿಲ್ಲ. ನಿದ್ರೆಗೆಟ್ಟ, ಅನ್ನ ಬಿಟ್ಟ, ಬದುಕೇ ಬೇಡವೆನ್ನುವ ಮಗುವಿಗೆ ವೈದ್ಯರು ಬೇಕು, ಷಟ್ಪದಿಯಲ್ಲ. ಎಂಬತ್ತರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2022ರ ಅಕ್ಟೋಬರ್ 10ರಿಂದ ಟೆಲಿ-ಮಾನಸ್ ಎಂಬ ದೂರವಾಣಿ ಸೇವೆ ನಡೆಯುತ್ತಿದೆ. 14416 ಎಂಬ ಸಂಖ್ಯೆಗೆ ಯಾವ ಹೊತ್ತಿನಲ್ಲಿಯೂ ಕರೆಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಈ ಸಂಖ್ಯೆಯನ್ನು ಪ್ರತಿ ತರಗತಿಯ ಗೋಡೆಯ ಮೇಲೆ ಬರೆಸಬೇಕು. ಆದರೆ ಆ ಮಗುವಿಗೆ ಹೀಗಾಗಿದೆಯೆಂದು ಮೊದಲು ಅರಿಯುವವರಾರು? ಕೌದಿ ಹೊದೆದು ಮಲಗಿದವನನ್ನು ಮನೆಯವರು ಸೋಮಾರಿಯೆನ್ನುತ್ತಾರೆ, ಉಪಾಧ್ಯಾಯರು ಮೊದ್ದನೆನ್ನುತ್ತಾರೆ. ದಿನವೂ ಎದುರಿಗೆ ಕುಳಿತು ಅವನ ಪಾದಕ್ಕಾಗಿ ಕಾಯುವ ಐವರಿಗೆ ಮಾತ್ರ ಅವನ ಬದಲಾವಣೆ ಕಾಣುತ್ತದೆ. ನನಗೆ ಅಂದು ಬೇಕಾಗಿದ್ದುದು ಅಂಥ ಐವರು.

ದಾನಿಗಳಲ್ಲಿ ಒಂದು ಅರಿಕೆ, ಸಲುಗೆಯೆನಿಸಿದರೆ ಕ್ಷಮಿಸಬೇಕು. ತಮ್ಮ ಔದಾರ್ಯದಿಂದ ಎದ್ದ ಕೋಣೆಗಳಿಗೆ ಅಮೃತಶಿಲೆಯ ಫಲಕಗಳು ಬಂದಿವೆ, ಸಂತೋಷ. ಆದರೆ ಬೆಂಚುಗಳನ್ನು ಕಬ್ಬಿಣದ ಪಟ್ಟಿಯಿಂದ ಮೇಜಿಗೆ ಬೆಸೆದು, ಅಲುಗಿಸಬಾರದಷ್ಟು ಭಾರವಾಗಿ ಮಾಡಿಸುವುದೇ ನಮ್ಮಲ್ಲಿ ವಾಡಿಕೆ. ಆರು ಮಂದಿ ಮುಖಾಮುಖಿಯಾಗಿ ಕುಳಿತುಕೊಳ್ಳಬೇಕಾದರೆ ಮಕ್ಕಳು ಬೆಂಚು ಬಿಟ್ಟು ನೆಲಕ್ಕೆ ಇಳಿಯಬೇಕು. ನೆಲ ನಮಗೆ ಹೊಸದಲ್ಲ, ನಿಜ. ಆದರೆ ಶಹಾಬಾದಿ ಕಲ್ಲಿನ ಮೇಲೆ ಪುಷ್ಯಮಾಸದ ಬೆಳಗಿನಲ್ಲಿ ಕುಳಿತವರಿಗೆ ಗೊತ್ತು. ಹಗುರವಾದ, ಎತ್ತಿ ತಿರುಗಿಸಬಹುದಾದ ಪೀಠಗಳನ್ನು ಎರಡು ಕೋಣೆಗಳಿಗಾದರೂ ಯಾರಾದರೂ ಮಾಡಿಸಿಕೊಟ್ಟರೆ, ಫಲಕದ ಒಕ್ಕಣೆಯನ್ನು ಹಳಗನ್ನಡದ ಕಂದಪದ್ಯದಲ್ಲಿ ನಾನೇ ರಚಿಸಿಕೊಡುತ್ತೇನೆ.

ಕಳೆದ ಮಾಘಮಾಸದಲ್ಲಿ, ಮೂರು ವಾರ ಹತ್ತಿ ಬಿಡಿಸಲು ಹೋಗಿದ್ದ ಹುಡುಗಿಯೊಬ್ಬಳು ತರಗತಿಗೆ ಮರಳಿ ಬಂದಳು. ನಾನು ಏನೂ ಕೇಳಲಿಲ್ಲ. ಅವಳ ಗುಂಪಿನ ಹುಡುಗಿ ಚೀಲದಿಂದ ಮಡಿಚಿದ ಚೀಟಿಯೊಂದನ್ನು ತೆಗೆದು ಮುಂದೆ ಹಿಡಿದು, "ನಿನ್ನ ನಾಕನೇದ್ದು ಹಂಗೇ ಇಟ್ಟೀನಿ, ನೀ ಹೇಳೂತನಾ ನಮಗ ಅರ್ಥ ಆಗಂಗಿಲ್ಲ" ಎಂದಳು. ಹೋದವಳು ಚೀಟಿಯನ್ನು ಬಿಡಿಸಿ, ಬೆರಳುಗಳ ಮೇಲಿನ ಹತ್ತಿಕಾಯಿಯ ಗೀರುಗಳನ್ನು ಸೆರಗಿನಲ್ಲಿ ಮರೆಸಿಕೊಂಡು, ಮಾತ್ರೆ ಎಣಿಸತೊಡಗಿದಳು.