ಬಿಚ್ಚುವ ಮೊದಲೇ ಒಳಗೆ ನೋಡಿ!

ಮಕ್ಕಳೇ, ಬ್ರಿಟನ್ನಿನಲ್ಲಿ ಹಡಗಿನ ಎಂಜಿನಿಯರರಿಗೆ ಸರ್ಕಾರಿ ಪರೀಕ್ಷೆ ಬಂದದ್ದು 1862ರ ಕಾನೂನಿನಿಂದ. ಮುಂದೆ ಡ್ರಾಯಿಂಗ್ ಕೂಡ ಅದರಲ್ಲಿ ಒಂದು ವಿಷಯವಾಯಿತು. ಒಂದು ವಾಲ್ವಿನ ಬಿಡಿಭಾಗಗಳ ಚಿತ್ರ ಕೊಡುತ್ತಿದ್ದರು. ಅವನ್ನೆಲ್ಲ ಜೋಡಿಸಿ ನಡುವೆ ಸೀಳಿದರೆ ಹೇಗೆ ಕಾಣುವುದೋ ಹಾಗೆ, ಅಳತೆ ತಪ್ಪದಂತೆ ಬರೆಯಬೇಕು.

ಸೀಳುವುದೆಂದರೇನು? ಅಜ್ಜಿ ಒಡೆದ ತೆಂಗಿನಹೋಳು ನೋಡಿ. ಹೊರಗೆ ಚಿಪ್ಪು, ಅದಕ್ಕಂಟಿದ ಬಿಳಿ ಕಾಯಿ, ನಡುವೆ ಟೊಳ್ಳು. ಚಿತ್ರದಲ್ಲಿ ಸೀಳಿದ ಭಾಗಕ್ಕೆ ಓರೆಗೆರೆ ಎಳೆಯುತ್ತಾರೆ. ಚಿಪ್ಪಿನ ಗೆರೆ ಬಲಕ್ಕೆ ವಾಲಿದರೆ ಕಾಯಿಯದು ಎಡಕ್ಕೆ. ಎರಡೂ ಬೇರೆ ಎಂದು ತಿಳಿಯಲು. ಟೊಳ್ಳಿಗೆ ಗೆರೆಯಿಲ್ಲ. ನಟ್ಟು ಬೋಲ್ಟುಗಳನ್ನು ಮಾತ್ರ ಸೀಳದೆ ಇಡಿಯಾಗಿ ಬರೆಯುವುದು ರೂಢಿ.

ಇದು ಬರೀ ಅಂದಕ್ಕಲ್ಲ. ಬಾಯ್ಲರಿನ ಸೇಫ್ಟಿ ವಾಲ್ವಿನೊಳಗೆ ಬಲವಾಗಿ ಅದುಮಿದ ಸ್ಪ್ರಿಂಗ್ ಇರುತ್ತದೆ. ಅದನ್ನರಿಯದೆ ಬಿಚ್ಚಹೋದರೆ ಸ್ಪ್ರಿಂಗ್ ಸಿಡಿದು ಜೀವಕ್ಕೇ ಅಪಾಯ. ನಡುಗಡಲಲ್ಲಿ ಆಸ್ಪತ್ರೆ ಎಲ್ಲಿಂದ ಬರಬೇಕು?

ಈ ವಾರದ ಕೆಲಸ: ಟಕ್ ಎಂದು ಒತ್ತುವ ಬಾಲ್‌ಪೆನ್ನಿನ ಒಳಭಾಗವನ್ನು ಬಿಚ್ಚದೆಯೇ ಬರೆಯಿರಿ. ಆಮೇಲೆ ತಾತನ ಮುಂದೆ ಬಿಚ್ಚಿ ಹೋಲಿಸಿ. ಸ್ಪ್ರಿಂಗ್ ಯಾವ ತುದಿಯಲ್ಲಿತ್ತು?