ಕಡಲ ಮೇಲಿನ ವಿಮಾನ, ನೆಲದ ಮೇಲಿನ ಪಾಳಿ

ಗಿರಣಿ ಕಾರ್ಮಿಕರ ಪತ್ರಿಕೆಗೆ ವಿಮಾನದ ಉಸಾಬರಿ ಏಕೆ ಎಂದು ಕೆಲವರು ಕೇಳಬಹುದು. ವಿಮಾನ ಹತ್ತುವವರು ಶ್ರೀಮಂತರು ಮಾತ್ರ ಎಂಬ ಕಾಲ ಹೋಗಿ ಬಹಳ ವರ್ಷಗಳಾದವು. ವಡಗಾವಿಯ ನೇಕಾರನ ಮಗ ಕಂಪ್ಯೂಟರ್ ಕಲಿತು ಅಮೇರಿಕೆ ಸೇರಿದ್ದಾನೆ. ಖಾನಾಪುರದ ಹಂಚಿನ ಭಟ್ಟಿಯಲ್ಲಿ ದುಡಿದವನ ಮಗಳು ನರ್ಸಾಗಿ ಕೊಲ್ಲಿ ದೇಶದಲ್ಲಿದ್ದಾಳೆ. ಬಾಣಂತನಕ್ಕೆಂದು ತಾಯಿ ಹೊರಡುತ್ತಾಳೆ. ಸಾಂಬ್ರಾದಿಂದಲೋ ಗೋವೆಯಿಂದಲೋ ಆಕೆಯ ಪ್ರವಾಸ ಶುರುವಾಗುತ್ತದೆ. ಹೊರಡುವ ಮುನ್ನ ರವಿವಾರ ಪೇಟೆಯ ಅಂಗಡಿಯ ಕಟ್ಟೆಯ ಮೇಲೆ ಕೇಳಿಬರುವ ಪ್ರಶ್ನೆ ಒಂದೇ: "ನಡು ಸಮುದ್ರದಾಗ ಇಂಜಿನ್ ಬಂದ್ ಬಿದ್ರ ಎಲ್ಲಿ ಇಳಸ್ತಾರ್ರೀ?"

2025ರ ಜೂನ್ 12ರಂದು ಅಹಮದಾಬಾದಿನಿಂದ ಲಂಡನ್ನಿಗೆ ಹೊರಟ ಏರ್ ಇಂಡಿಯಾ ವಿಮಾನ ಬಿದ್ದ ಮೇಲೆ ಈ ಪ್ರಶ್ನೆ ಹೆಚ್ಚಾಗಿದೆ. ಅದರಲ್ಲಿದ್ದ 242 ಜನರಲ್ಲಿ ಒಬ್ಬನೇ ಬದುಕಿದ. ಇಂಥ ಭಯವನ್ನು ಅಡಾಣಿತನವೆಂದು ನಗುವವರ ಪೈಕಿ ನಾವಲ್ಲ. ಜೀವದ ಮೇಲೆ ಆಸೆಯಿದ್ದವರು ಕೇಳಲೇಬೇಕಾದ ಪ್ರಶ್ನೆ ಅದು. ಆದರೆ ಉತ್ತರವನ್ನು ಸಮುದ್ರದಲ್ಲಿ ಹುಡುಕುತ್ತ ಕುಳಿತರೆ ನಿಜವಾದ ಅಪರಾಧಿ ನೆಲದ ಮೇಲೆ ಆರಾಮವಾಗಿ ತಿರುಗಾಡಿಕೊಂಡಿರುತ್ತಾನೆ.

ಆ ವಿಮಾನ ಸಮುದ್ರದ ಮುಖ ನೋಡುವ ಮೊದಲೇ, ನಿಲ್ದಾಣದ ಪಕ್ಕದ ವೈದ್ಯಕೀಯ ವಿದ್ಯಾರ್ಥಿ ನಿಲಯದ ಮೇಲೆ ಬಿತ್ತು. 1978ರ ಜನವರಿ 1ರಂದು ಮುಂಬಯಿಯಿಂದ ದುಬೈಗೆ ಹೊರಟ 'ಸಾಮ್ರಾಟ ಅಶೋಕ' ಅರಬ್ಬೀ ಸಮುದ್ರದಲ್ಲಿ ಮುಳುಗಿ 213 ಜನ ಸತ್ತರು, ನಿಜ. ಅದು ಬಿದ್ದದ್ದು ಬಾಂದ್ರಾ ದಂಡೆಯ ಸನಿಹದಲ್ಲೇ, ಹೊರಟ ಕೆಲವೇ ನಿಮಿಷಗಳಲ್ಲಿ; ವಿಮಾನ ಯಾವ ಕಡೆಗೆ ವಾಲಿದೆಯೆಂದು ತೋರಿಸುವ ಒಂದು ಉಪಕರಣ ಕೆಟ್ಟಿತ್ತು. 1985ರ ಜೂನ್ 23ರಂದು 'ಕನಿಷ್ಕ' ಐರ್ಲಂಡಿನ ಬಳಿ ಅಟ್ಲಾಂಟಿಕ್ ಸಾಗರದ ಮೇಲೆ ಸಿಡಿದು 329 ಜನ ಸತ್ತರು. ಆ ಬಾಂಬು ಪ್ರವಾಸಿಯಿಲ್ಲದ ಪೆಟ್ಟಿಗೆಯೊಳಗೆ ಕೆನಡಾದ ನೆಲದ ಮೇಲೆಯೇ ವಿಮಾನ ಸೇರಿತ್ತು.

ನಟ್ಟನಡುವಿನ ಸಾಗರದಲ್ಲಿಯೂ ವಿಮಾನಗಳು ಕಳೆದುಹೋಗಿವೆ. 2014ರ ಮಾರ್ಚಿನಲ್ಲಿ 239 ಜನರೊಂದಿಗೆ ಕಾಣೆಯಾದ ಮಲೇಶಿಯಾದ ವಿಮಾನದ ಗುಟ್ಟು ಇನ್ನೂ ಬಿಡಿಸಿಲ್ಲ. 2009ರ ಜೂನ್ 1ರಂದು ಅಟ್ಲಾಂಟಿಕ್‌ನಲ್ಲಿ ಬಿದ್ದ ಏರ್ ಫ್ರಾನ್ಸ್ ವಿಮಾನದ 228 ಜನರ ಕಥೆ ಮಾತ್ರ ಗೊತ್ತಿದೆ. ವೇಗ ಅಳೆಯುವ ಕೊಳವೆಗಳಿಗೆ ಹಿಮ ಕಟ್ಟಿತು. ತಪ್ಪು ಅಂಕಿ ಕಂಡ ವೈಮಾನಿಕರು ಗಲಿಬಿಲಿಗೊಂಡರು. ಆ ಕೊಳವೆಗಳ ದೋಷ ಕಂಪನಿಗೆ ಮೊದಲೇ ತಿಳಿದಿತ್ತು. ಬದಲಿಸುವ ಕೆಲಸವೂ ಆರಂಭವಾಗಿತ್ತು. ಈ ವಿಮಾನದ ಸರದಿ ಬಂದಿರಲಿಲ್ಲ, ಅಷ್ಟೇ.

ಇನ್ನು ಇಂಜಿನ್ ನಿಲ್ಲುವ ಪ್ರಶ್ನೆ. ಎರಡು ಇಂಜಿನ್ನಿನ ವಿಮಾನ ಒಂದೇ ಇಂಜಿನ್ನಿನ ಮೇಲೆ ಹಾರಿ ನಿಲ್ದಾಣ ಮುಟ್ಟಬಲ್ಲದು. ಎಷ್ಟು ದೂರ ಎಂಬುದಕ್ಕೆ ಕಾಯದೆಯಿದೆ. ಅಮೇರಿಕೆಯ 1953ರ ನಿಯಮದಂತೆ ಅಂಥ ವಿಮಾನ ಯಾವ ಹೊತ್ತಿನಲ್ಲೂ ಒಂದು ನಿಲ್ದಾಣದಿಂದ 60 ನಿಮಿಷಕ್ಕಿಂತ ದೂರ ಇರುವಂತಿರಲಿಲ್ಲ. 1985ರಲ್ಲಿ ಅದನ್ನು 120 ನಿಮಿಷಕ್ಕೆ ಏರಿಸಿದರು. 2014ರಲ್ಲಿ ಬೋಯಿಂಗ್ 787ಕ್ಕೆ 330 ನಿಮಿಷ, ಅಂದರೆ ಐದೂವರೆ ಗಂಟೆಯ ಪರವಾನಗಿ ಸಿಕ್ಕಿತು. ಇಂಜಿನ್ನುಗಳು ಸುಧಾರಿಸಿದ್ದು ಸುಳ್ಳಲ್ಲ. ನಾಲ್ಕು ಇಂಜಿನ್ನಿನ ಬದಲು ಎರಡಕ್ಕೆ ಎಣ್ಣೆ ಸುಟ್ಟರೆ ಕಂಪನಿಗೆ ಉಳಿತಾಯವಾಗುವುದೂ ಸುಳ್ಳಲ್ಲ.

ಆದರೆ ಈ ಪರವಾನಗಿಯ ಜೊತೆಗೆ ಬಂದ ಒಂದು ಷರತ್ತನ್ನು ನಮ್ಮ ಉದ್ಯಮಬಾಗದ ಫೌಂಡ್ರಿ ಕೆಲಸಗಾರರು ಕೂಡಲೆ ಮೆಚ್ಚಿಕೊಂಡಾರು: ಎರಡೂ ಇಂಜಿನ್ನುಗಳ ಒಂದೇ ಬಗೆಯ ಭಾಗವನ್ನು ಒಬ್ಬನೇ ಕೆಲಸಗಾರ ಒಂದೇ ಸಲಕ್ಕೆ ಬಿಚ್ಚಿ ಜೋಡಿಸಬಾರದು. ಇದರ ಹಿಂದೆ ಪಾಠವಿದೆ. 1983ರ ಮೇ 5ರಂದು ಮಿಯಾಮಿಯಿಂದ ಬಹಾಮಾ ದ್ವೀಪಗಳ ನಸ್ಸಾವ್‌ಗೆ 172 ಜನರನ್ನು ಹೊತ್ತ ಈಸ್ಟರ್ನ್ ಕಂಪನಿಯ ವಿಮಾನಕ್ಕೆ ಒಂದಲ್ಲ, ಮೂರು ಇಂಜಿನ್. ಹಿಂದಿನ ರಾತ್ರಿಯ ದುರಸ್ತಿಯಲ್ಲಿ ಎಣ್ಣೆ ಸೋರದಂತೆ ತಡೆಯುವ ಸಣ್ಣ ರಬ್ಬರ್ ಬಳೆಗಳನ್ನು ಮೂರಕ್ಕೂ ಹಾಕಿರಲಿಲ್ಲ. ಸಮುದ್ರದ ಮೇಲೆ ಮೂರೂ ಒಂದೊಂದಾಗಿ ಕೈಕೊಟ್ಟವು. ಮೊದಲು ನಿಲ್ಲಿಸಿದ್ದ ಇಂಜಿನ್ ಮತ್ತೆ ಹತ್ತಿಕೊಂಡಿದ್ದರಿಂದ ಎಲ್ಲರೂ ಜೀವಂತ ಮರಳಿದರು. ಇಂಜಿನ್ ಮೂರಿದ್ದರೇನು, ದುರಸ್ತಿಯ ತಪ್ಪು ಮೂರಕ್ಕೂ ಒಂದೇ ಆಗಿತ್ತು.

2001ರ ಆಗಸ್ಟ್ 24ರ ಇನ್ನೊಂದು ಘಟನೆ. ಏರ್ ಟ್ರಾನ್ಸಾಟ್ ಎಂಬ ಕೆನಡಾದ ಕಂಪನಿಯ ವಿಮಾನ ಅಟ್ಲಾಂಟಿಕ್ ದಾಟುವಾಗ ಎಣ್ಣೆ ಸೋರಿ ಎರಡೂ ಇಂಜಿನ್ ನಿಂತವು. ವೈಮಾನಿಕರು ಅದನ್ನು ಹದ್ದಿನಂತೆ ತೇಲಿಸುತ್ತ ಸುಮಾರು 120 ಕಿಲೋಮೀಟರ್ ಸಾಗಿಸಿ ಅಝೋರ್ಸ್ ದ್ವೀಪದಲ್ಲಿ ಇಳಿಸಿದರು. 306 ಜನರೂ ಉಳಿದರು. ಪತ್ರಿಕೆಗಳು ವೈಮಾನಿಕರನ್ನು ಹೊಗಳಿದವು, ಯೋಗ್ಯವೇ. ಆದರೆ ಸೋರಿದ್ದೇಕೆ? ಕೆಲವೇ ದಿನಗಳ ಮೊದಲು ಆ ಇಂಜಿನ್ ಬದಲಿಸಿದಾಗ ಒಂದಕ್ಕೊಂದು ಹೊಂದದ ಭಾಗಗಳನ್ನು ಕೂಡಿಸಿದ್ದರು. ಎರಡು ಕೊಳವೆಗಳು ತಿಕ್ಕಾಡಿ ತೂತು ಬಿತ್ತು. ಹೊಂದದಿದ್ದದ್ದು ದುರಸ್ತಿ ನಡೆಯುವಾಗಲೇ ಕಂಡುಬಂದಿತ್ತು. ಆದರೂ ಕೆಲಸ ಮುಗಿಸಲಾಯಿತು. 'ಬರೋಬರಿ ಕೂಡುತ್ತಿಲ್ಲ' ಎಂದರೆ 'ಸದ್ಯಕ್ಕೆ ನಡಸು' ಎಂಬ ಉತ್ತರ ಯಾವ ಗಿರಣಿಯಲ್ಲಿ ಕೇಳಿಲ್ಲ? ಗಿರಣಿಯಲ್ಲಾದರೆ ಬಟ್ಟೆ ಕೆಡುತ್ತದೆ, ಬಹಳವಾದರೆ ಬೆರಳು ಹೋಗುತ್ತದೆ.

ನಮ್ಮ ಜಿಲ್ಲೆಗೂ ಈ ಮಾತು ದೂರದ್ದಲ್ಲ. ಹತ್ತರಗಿಯ ಏಕಸ್ ಕಂಪನಿಯ ವಿಶೇಷ ಆರ್ಥಿಕ ವಲಯದಲ್ಲಿ ಏರ್‌ಬಸ್, ಬೋಯಿಂಗ್ ವಿಮಾನಗಳ ಭಾಗಗಳು ತಯಾರಾಗುತ್ತವೆ. ಬೆಳಗಾವಿ ಸೀಮೆಯ ಹುಡುಗರು ಕೊರೆದು ತಿಕ್ಕಿದ ಲೋಹ ಸಾಗರಗಳನ್ನು ದಾಟುತ್ತಿದೆ. ಲಂಡನ್ನಿನ ಪ್ರವಾಸಿಯ ಜೀವ ಹತ್ತರಗಿಯ ಕೆಲಸಗಾರನ ಎಚ್ಚರದ ಮೇಲೂ ನಿಂತಿದೆಯೆಂದರೆ ಅತಿಶಯೋಕ್ತಿಯಲ್ಲ.

ಎಚ್ಚರವೆಂದಾಗ ನಿದ್ದೆಯ ಮಾತು ಬರುತ್ತದೆ. 2010ರ ಮೇ 22ರ ಬೆಳಗಿನ ಜಾವ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಅರಬ್ಬೀ ಸಮುದ್ರವನ್ನು ಸುರಕ್ಷಿತವಾಗಿ ದಾಟಿತು. ಮಂಗಳೂರಿನ ಗುಡ್ಡದ ಮೇಲಿನ ಓಟದಾರಿಯಲ್ಲಿ ನಿಲ್ಲಲಾರದೆ ಕಣಿವೆಗೆ ಉರುಳಿತು. 166 ಜನರಲ್ಲಿ 158 ಜನ ಸತ್ತರು. ಬಹಳಷ್ಟು ಜನ ಕೊಲ್ಲಿಯಲ್ಲಿ ದುಡಿಯುವವರು, ಅವರ ಮನೆಯವರು. ಮುಖ್ಯ ವೈಮಾನಿಕರು ಒಂದು ಗಂಟೆ ನಲವತ್ತು ನಿಮಿಷ ನಿದ್ರಿಸಿದ್ದರೆಂದು ವಿಚಾರಣೆಯಲ್ಲಿ ಹೊರಬಂತು. ಸಹವೈಮಾನಿಕರು ಇಳಿಯುವುದು ಬೇಡ, ಮೇಲೇರೋಣ ಎಂದು ಮೂರು ಸಲ ಹೇಳಿದ್ದರು. ಸತ್ತವರ ಮೇಲೆ ತಪ್ಪು ಹೊರಿಸಿ ಕಡತ ಮುಚ್ಚುವುದು ಸುಲಭ. ಅದೇ ಸಿಬ್ಬಂದಿ ಹಿಂದಿನ ರಾತ್ರಿ ಮಂಗಳೂರಿನಿಂದ ಹೊರಟು, ದುಬೈ ಮುಟ್ಟಿ, ನಡುರಾತ್ರಿಯಲ್ಲೇ ಹಿಂದಿರುಗಿದ್ದರು. ರಾತ್ರಿ ಪಾಳಿ ಮಾಡಿದವರಿಗೆ ಆ ಮೂರು ಗಂಟೆಯ ಹೊತ್ತಿನ ಕಣ್ಣು ಹೇಗಿರುತ್ತದೆಂದು ವಿವರಿಸಬೇಕಾಗಿಲ್ಲ.

ಇದಕ್ಕೆದುರಾಗಿ 2021ರ ಜನವರಿಯಲ್ಲಿ ಸಾನ್‌ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾಯ್ದು ಬೆಂಗಳೂರಿಗೆ ಬಂದ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ನೋಡಿರಿ. ಹದಿನೇಳು ಗಂಟೆಯ ಹಾರಾಟ. ಕ್ಯಾಪ್ಟನ್ ಜೋಯಾ ಅಗರವಾಲರ ಜೊತೆ ಇನ್ನೂ ಮೂವರು ವೈಮಾನಿಕರು, ನಾಲ್ವರೂ ಹೆಣ್ಣುಮಕ್ಕಳು. ಸರದಿಯ ಮೇಲೆ ಮಲಗಿ ಏಳಲೆಂದೇ ಅಷ್ಟು ಜನ. ನಕಾಶೆಯ ಮೇಲೆ ಭಯಂಕರವಾಗಿ ಕಾಣುವ ಧ್ರುವದ ದಾರಿಯಲ್ಲಿ ಪಾಳಿ ಸರಿಯಾಗಿತ್ತು. ನಾಲ್ಕು ತಾಸಿನ ಹತ್ತಿರದ ದಾರಿಯಲ್ಲಿ ದುರಂತ ನಡೆಯಿತು.

ವೈಮಾನಿಕರ ವಾರದ ವಿಶ್ರಾಂತಿಯನ್ನು 36 ತಾಸಿನಿಂದ 48 ತಾಸಿಗೆ ಏರಿಸುವ ನಿಯಮ 2024ರಲ್ಲಿ ಹೊರಬಂತು. ಕಂಪನಿಗಳು ಎಳೆದಾಡಿದವು, ವೈಮಾನಿಕರ ಸಂಘಗಳು ದಿಲ್ಲಿಯ ಹೈಕೋರ್ಟಿನ ಮೆಟ್ಟಿಲೇರಿದವು. ಕೊನೆಗೆ 2025ರ ನವೆಂಬರಿನಲ್ಲಿ ನಿಯಮ ಪೂರ್ತಿಯಾಗಿ ಜಾರಿಗೆ ಬಂದಾಗ, ದೇಶದ ಅತಿ ದೊಡ್ಡ ಕಂಪನಿಯಾದ ಇಂಡಿಗೋಗೆ ಸಾಕಷ್ಟು ವೈಮಾನಿಕರೇ ಇರಲಿಲ್ಲ. ಡಿಸೆಂಬರಿನಲ್ಲಿ ಸಾವಿರಾರು ವಿಮಾನಗಳು ರದ್ದಾದವು. ಸರಕಾರ ಮಾಡಿದ್ದೇನು? ಆ ಕಂಪನಿಗೆ ರಾತ್ರಿ ಕೆಲಸದ ನಿಯಮಗಳಿಂದ ಕೆಲಕಾಲ ವಿನಾಯಿತಿ ಕೊಟ್ಟಿತು. ತಕ್ಕಡಿಯಲ್ಲಿ ಕೊರತೆಯಿದ್ದರೆ ಸಣ್ಣ ಅಂಗಡಿಕಾರನಿಗೆ ದಂಡ ಬೀಳುತ್ತದೆ. ದೊಡ್ಡವನ ಬಳಿ ಆಳಿನ ಕೊರತೆಯಿದ್ದರೆ ತಕ್ಕಡಿಯನ್ನೇ ಬದಲಿಸುತ್ತಾರೆ.

ತಪಾಸಣೆ ಮಾಡಬೇಕಾದ ವಿಮಾನಯಾನ ಮಹಾನಿರ್ದೇಶನಾಲಯದಲ್ಲಿಯೇ ಸುಮಾರು ಅರ್ಧದಷ್ಟು ಹುದ್ದೆಗಳು ಖಾಲಿಯಿವೆಯೆಂದು 2025ರಲ್ಲಿ ಪಾರ್ಲಿಮೆಂಟಿನ ಸಮಿತಿ ಹೇಳಿತು.

ಸಾಂಬ್ರಾದಿಂದ ಇನ್ನಷ್ಟು ಊರುಗಳಿಗೆ ವಿಮಾನ ಬೇಕೆಂಬ ಬೇಡಿಕೆ ನಮ್ಮ ಮುಖಂಡರ ಬಾಯಲ್ಲಿ ಸದಾ ಇದೆ. ಇರಲಿ, ನಮಗೂ ಬೇಕು. ಅದೇ ಮನವಿಯಲ್ಲಿ ಖಾಲಿ ಹುದ್ದೆ ತುಂಬುವ ಮಾತನ್ನೂ, ವಿಶ್ರಾಂತಿಯ ನಿಯಮಕ್ಕೆ ವಿನಾಯಿತಿ ಕೊಡಕೂಡದೆಂಬ ಮಾತನ್ನೂ ಬರೆಯಲಿ. ಇಲ್ಲಿಂದ ಹೊರಡುವ ವಿಮಾನದಲ್ಲಿ ಸುರಕ್ಷತೆಯ ಸೂಚನೆಗಳನ್ನು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ನಿಧಾನವಾಗಿ ಹೇಳಬೇಕೆಂದೂ ಕೇಳಲಿ. 1996ರಲ್ಲಿ ಅಪಹರಣಕ್ಕೊಳಗಾದ ಇಥಿಯೋಪಿಯಾದ ವಿಮಾನ ಎಣ್ಣೆ ತೀರಿ ಕೊಮೊರೊ ದ್ವೀಪಗಳ ಬಳಿ ನೀರಿಗಿಳಿದಾಗ, ಜೀವರಕ್ಷಕ ಅಂಗಿಗೆ ಒಳಗೇ ಗಾಳಿ ತುಂಬಿಕೊಂಡ ಹಲವರು ಮೇಲಕ್ಕೆ ತೇಲಿ ಸಿಕ್ಕಿಬಿದ್ದು ಮುಳುಗಿದರು. ಹೊರಗೆ ಬಂದ ಮೇಲೆಯೇ ಗಾಳಿ ತುಂಬಬೇಕು. ಆ ಅಂಗಿ ಇರುವುದು ಹೆಚ್ಚಾಗಿ ಸೀಟಿನ ಕೆಳಗೆ.