ನಾಯಿ ಅಡ್ಡಾಡಿಸುವ ಉದ್ಯೋಗ

ಕಳೆದ ವಾರ ಪದವೀಧರ ತರುಣನೊಬ್ಬ ಜಾಹೀರಾತಿನ ದರ ವಿಚಾರಿಸಲು ನಮ್ಮ ಕಚೇರಿಗೆ ಬಂದಿದ್ದ. ಬೆಂಗಳೂರಿನಲ್ಲಿ ಎರಡು ವರ್ಷ ದುಡಿದು, ತಾಯಿಯ ಅನಾರೋಗ್ಯದ ನಿಮಿತ್ತ ಊರಿಗೆ ಮರಳಿದವನು. ಯಾವ ಉದ್ಯೋಗಕ್ಕೆ ಜಾಹೀರಾತು ಎಂದು ಕೇಳಿದರೆ ತುಸು ತಡವರಿಸಿ, ಸಾಕುನಾಯಿಗಳನ್ನು ಬೆಳಗ್ಗೆ ಸಂಜೆ ವಾಕಿಂಗಿಗೆ ಕರೆದೊಯ್ಯುವುದು ಎಂದ. ಮನೆಯಲ್ಲಿ ಇನ್ನೂ ತಿಳಿಸಿಲ್ಲವಂತೆ. ಬಿ.ಕಾಂ. ಓದಿಸಿದ್ದು ನಾಯಿಯ ಸರಪಳಿ ಹಿಡಿಯಲಿಕ್ಕೋ ಎಂದು ತಂದೆ ಕೇಳಿಯಾರೆಂಬ ಅಂಜಿಕೆ.

ನಮಗೂ ಮೊದಲು ನಗು ಬಂದಿತೆಂಬುದನ್ನು ಮುಚ್ಚಿಡುವುದಿಲ್ಲ. ಆದರೆ ನಮ್ಮವರ ಹಿಂದಿನ ತಲೆಮಾರು ಮುಂಬಯಿಗೆ ಹೋಗಿ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಕಲಿತು, ಮುಂದೆ ತಾವೇ ಹೋಟೆಲು ಇಟ್ಟ ಕಥೆಯನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ದೂರದೂರಿನಲ್ಲಿ ಮಾಡಿದರೆ ಸಾಹಸ, ನೆರೆಮನೆಯವರ ಕಣ್ಣೆದುರು ಮಾಡಿದರೆ ಅವಮಾನ ಎಂಬುದು ಯಾವ ನ್ಯಾಯ? ಸರಕಾರಿ ನೌಕರಿಗೆ ಕಾಯುತ್ತ ವಯಸ್ಸು ಮೀರಿದ ಕನ್ನಡ ಹುಡುಗರು ನಮ್ಮಲ್ಲಿ ಎಷ್ಟಿಲ್ಲ! ಈ ಕೆಲಸದಲ್ಲಿ ಮಲಯಾಳ ಲಿಪಿಯ ಪರೀಕ್ಷೆಯನ್ನಂತೂ ಯಾರೂ ಕೇಳರು. ಗಿರಾಕಿಯೊಡನೆ ಮಲಯಾಳ ಮಾತಾಡಲು ನಮ್ಮ ಮಕ್ಕಳಿಗೆ ಗೊತ್ತು. ನಾಯಿಯ ಮಾತು ಬೇರೆ. ತುಳುವರ ಮನೆಯಾಗಲಿ ಮಲಯಾಳಿಗಳ ಮನೆಯಾಗಲಿ, ನಾಯಿಗೆ ಹೇಳುವುದು ಮಾತ್ರ 'ಕಮ್', 'ಸಿಟ್' ಎಂದೇ.

ಗಿರಾಕಿಗಳು ಇದ್ದಾರೆಯೇ ಎಂಬುದು ಮುಂದಿನ ಪ್ರಶ್ನೆ. ಇದ್ದಾರೆಂದೇ ನಮ್ಮ ಊಹೆ. ಮಕ್ಕಳು ಗಲ್ಫಿನಲ್ಲೋ ಬೆಂಗಳೂರಿನಲ್ಲೋ ಇದ್ದು, ದೊಡ್ಡ ಮನೆಯಲ್ಲಿ ವೃದ್ಧ ದಂಪತಿಗಳಿಬ್ಬರೇ ಉಳಿದಿರುವುದು ಇಂದು ಊರೂರಿನ ನೋಟ. ಕಾವಲಿಗೆಂದು ಮಕ್ಕಳು ತಂದುಕೊಟ್ಟ ಲ್ಯಾಬ್ರಡಾರೋ ಜರ್ಮನ್ ಶೆಫರ್ಡೋ ಹಗಲಿಡೀ ಗೂಡಿನಲ್ಲಿರುತ್ತದೆ. ಮೂವತ್ತು ಕಿಲೋ ತೂಗುವ ಪ್ರಾಣಿ ಒಮ್ಮೆ ಎಳೆದರೆ ಎಪ್ಪತ್ತರ ಯಜಮಾನರು ಅಂಗಳದಲ್ಲೇ ಉರುಳಿಯಾರು. ನಡೆದಾಟವಿಲ್ಲದ ನಾಯಿಗೆ ಬೊಜ್ಜು ಬರುತ್ತದೆ, ಸಿಡುಕು ಹೆಚ್ಚುತ್ತದೆ, ರಾತ್ರಿ ಬೊಗಳಿ ನೆರೆಯವರ ನಿದ್ದೆ ಕೆಡಿಸುತ್ತದೆ.

ಇನ್ನು ಲೆಕ್ಕ. ಒಂದು ನಾಯಿಗೆ ಅರ್ಧ ಗಂಟೆ, ಮನೆಯಿಂದ ಮನೆಗೆ ಹೋಗಲು ಕಾಲು ಗಂಟೆ ಎಂದರೆ, ಬೆಳಗ್ಗೆ ಆರರಿಂದ ಒಂಬತ್ತರೊಳಗೆ ನಾಲ್ಕೇ ನಾಯಿ. ಸಂಜೆ ಮತ್ತೆ ಅವೇ ನಾಲ್ಕು. ತಿಂಗಳಿಗೆ ಮನೆಯೊಂದರಿಂದ 3,000 ರೂಪಾಯಿ ಸಿಕ್ಕಿತೆಂದೇ ಇಟ್ಟುಕೊಳ್ಳೋಣ; 12,000 ರೂಪಾಯಿ. ಪೆಟ್ರೋಲು ಕಳೆಯಬೇಕು. ಮೂರು ನಾಯಿಗಳನ್ನು ಒಟ್ಟಿಗೇ ಹಿಡಿದು ಹೊರಟರೆ ವರಮಾನ ಹೆಚ್ಚಬಹುದು. ಆದರೆ ಒಂದಕ್ಕೊಂದು ಪರಿಚಯವಿಲ್ಲದ ನಾಯಿಗಳು ಕಚ್ಚಾಡಿಕೊಂಡರೆ, ಅಥವಾ ಬೀದಿನಾಯಿಗಳ ಹಿಂಡು ಎದುರಾದರೆ, ಎರಡೇ ಕೈಯ ಮನುಷ್ಯ ಏನು ಮಾಡಿಯಾನು? ಆದ್ದರಿಂದ ಇದೊಂದನ್ನೇ ನಂಬಿ ಸಂಸಾರ ಹೂಡುವುದನ್ನು ನಾವು ಅನುಮೋದಿಸಲಾರೆವು. ಹಗಲು ಅಡಿಕೆ ತೋಟವೋ ಅಂಗಡಿಯ ಲೆಕ್ಕಪತ್ರವೋ ಇದ್ದವನಿಗೆ ಇದು ಒಳ್ಳೆಯ ಜೊತೆಗೆಲಸ. ನಡು ಹಗಲಿನಲ್ಲಿ ಹೇಗೂ ನಡೆಸುವಂತಿಲ್ಲ. ಎಪ್ರಿಲಿನ ಡಾಮರು ರಸ್ತೆ ನಾಯಿಯ ಅಂಗಾಲನ್ನು ಸುಡುತ್ತದೆ.

ಅಪಾಯದ ಮಾತನ್ನು ಒತ್ತಿ ಹೇಳಬೇಕಾಗಿದೆ. ಹುಚ್ಚುನಾಯಿ ರೋಗ ಒಮ್ಮೆ ತಲೆದೋರಿದರೆ ಉಳಿಸುವ ಮದ್ದಿಲ್ಲ. ಈ ಉದ್ಯೋಗಕ್ಕಿಳಿಯುವವನು ಕಡಿತಕ್ಕೆ ಕಾಯದೆ ಮೊದಲೇ ಮೂರು ಚುಚ್ಚುಮದ್ದು ಹಾಕಿಸಿಕೊಳ್ಳಬೇಕು: ಮೊದಲ ದಿನ, 7ನೆಯ ದಿನ, ಆಮೇಲೆ 21 ಅಥವಾ 28ನೆಯ ದಿನ. ಅಷ್ಟಾದರೂ ಕಚ್ಚಿದರೆ ಗಾಯವನ್ನು ಸೋಪು ನೀರಿನಿಂದ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಓಡಲೇಬೇಕು; ಮತ್ತೆ ಎರಡು ಚುಚ್ಚುಮದ್ದು ಇದ್ದೇ ಇದೆ. ಕೇರಳದ ಪಂಚಾಯತುಗಳಲ್ಲಿ ನಾಯಿ ಸಾಕಲು ಪರವಾನಿಗೆ ಬೇಕೆಂಬ ನಿಯಮ 1998ರಿಂದಲೇ ಇದೆ. ಅದಕ್ಕೆ ನಾಯಿಗೆ ಚುಚ್ಚುಮದ್ದು ಹಾಕಿಸಿದ ಪ್ರಮಾಣಪತ್ರ ಬೇಕು. ಅವೆರಡನ್ನೂ ಕಣ್ಣಾರೆ ಕಾಣದೆ ಯಾವ ನಾಯಿಯ ಹಗ್ಗವನ್ನೂ ಹಿಡಿಯಬಾರದು. ದಾಕ್ಷಿಣ್ಯಕ್ಕೆ ಬಸಿರಾಗುವ ಸ್ವಭಾವ ನಮ್ಮವರಲ್ಲಿ ತುಸು ಹೆಚ್ಚು, ಆದುದರಿಂದ ಈ ಮಾತು.

ದಾರಿಯಲ್ಲಿ ಶಾಲೆಯ ಮಗುವಿಗೆ ನಾಯಿ ಕಚ್ಚಿದರೆ ಹೊಣೆ ಯಾರದು? 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮು, ಪ್ರಾಣಿಯನ್ನು ವಶದಲ್ಲಿಟ್ಟುಕೊಂಡು ಅಜಾಗರೂಕನಾಗಿರುವವನಿಗೆ ಆರು ತಿಂಗಳವರೆಗೆ ಸಜೆ, ಇಲ್ಲವೆ 5,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡನ್ನೂ ವಿಧಿಸಬಹುದೆನ್ನುತ್ತದೆ. ಕಾನೂನು ಹೇಳುವುದು ವಶದಲ್ಲಿರುವ ಪ್ರಾಣಿಯ ಮಾತು. ಮಾಲಕನೊಬ್ಬನದೇ ಹೊಣೆಯೆಂದು ಹಗ್ಗ ಹಿಡಿದವನು ನಿಶ್ಚಿಂತನಾಗಿರುವಂತಿಲ್ಲ. ಮಾಲಕರೊಡನೆ ಒಂದು ಹಾಳೆಯ ಒಪ್ಪಂದ ಬರೆಸಿಕೊಳ್ಳುವುದು ಲೇಸು: ನಾಯಿಯ ಸ್ವಭಾವ, ಹಿಂದೆ ಯಾರನ್ನಾದರೂ ಕಚ್ಚಿದೆಯೇ, ಪಶುವೈದ್ಯರು ಯಾರು, ಚಿಕಿತ್ಸೆಯ ಖರ್ಚು ಯಾರ ಮೇಲೆ. ಕನ್ನಡದಲ್ಲೂ ಮಲಯಾಳದಲ್ಲೂ ಇರಲಿ.

ಮಳೆಗಾಲದ ಸಂಗತಿಯನ್ನು ಆ ತರುಣ ಯೋಚಿಸಿಯೇ ಇರಲಿಲ್ಲ. ಜೂನಿನಿಂದ ಸಪ್ಟಂಬರ್ ತನಕ ನಮ್ಮಲ್ಲಿ ಸುರಿಯುವ ಮಳೆಗೆ ಮನುಷ್ಯನೇ ಹೊರಗೆ ಕಾಲಿಡುವುದು ಕಷ್ಟ. ನಿಂತ ನೀರಿನಲ್ಲಿ ನಡೆದರೆ ಇಲಿಜ್ವರದ ಭಯ ನಾಯಿಗೂ ಇದೆ, ನಡೆಸುವವನಿಗೂ ಇದೆ. ಆ ನಾಲ್ಕು ತಿಂಗಳು ಸಂಬಳ ಪೂರ್ತಿಯೋ ಅರ್ಧವೋ ಎಂಬುದನ್ನು ಎಪ್ರಿಲಿನಲ್ಲೇ ತೀರ್ಮಾನಿಸಿಕೊಳ್ಳಬೇಕೆಂದು ಹೇಳಿದೆವು. ಅವನು ಚೀಟಿಯಲ್ಲಿ ಗುರುತು ಹಾಕಿಕೊಂಡ.

ಜಾಹೀರಾತನ್ನು ನಾವು ಅಂದೇ ತೆಗೆದುಕೊಳ್ಳಬಹುದಿತ್ತು. ಮೊದಲು ತಂದೆಗೆ ತಿಳಿಸಿ ಬಾ, ಪತ್ರಿಕೆ ಓದಿ ಅವರು ತಿಳಿಯುವಂತಾಗುವುದು ಬೇಡ ಎಂದು ಕಳುಹಿಸಿದ್ದೇವೆ. ಅವನಿಗಾಗಿ ಒಂದು ಚೌಕ ತೆಗೆದಿರಿಸಿದ್ದೇವೆ.